ಲ್ಯಾಪ್‌ಟಾಪಿಗೆ ಸುಣ್ಣ

“ಅಷ್ಟು ಅವಸರ ಇದ್ದವ್ರು ಮನೆಲೇ ಬಿಚ್ಚಿ ರಿಪೇರಿ ಮಾಡ್ಕಳಿ” ಎಂದು ಹೊನ್ನಾವರದ ಕಂಪ್ಯೂಟರ್ ಅಂಗಡಿಯ ನಿತ್ಯಾನಂದ ತಲೆ ಎತ್ತದೇ ಹೇಳಿದ್ದೇ ಎಲ್ಲಕ್ಕೂ ಕಾರಣವಾಯಿತು.

ಶಿರಾಲಿಯ ಫೋಟೊ ಸ್ಟುಡಿಯೊದ ಮಾಬ್ಲೇಶ್ವರ ನಾಯ್ಕನಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಹತ್ತು ನಿಮಿಷ ನಡೆಸಿದರೆ ದೋಸೆ ಕಾವಲಿಯ ಹಾಗೆ ಕಾದು ಆರಿಹೋಗುತ್ತಿದ್ದ ಲ್ಯಾಪ್‌ಟಾಪನ್ನು ಅವನು ಅಲ್ಲಿ ಕೊಟ್ಟು ಆರು ದಿನವಾಗಿತ್ತು. ಆರು ದಿನವೂ “ನಾಳೆ ಬನ್ನಿ”. ಇನ್ನು ನಾಳೆ ಎಂಬುದೇ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಗೇರುಸೊಪ್ಪದ ಗುತ್ತಿಗೆದಾರ ದೇವಪ್ಪ ನಾಯ್ಕರು ಮಗಳು ಅಳಿಯನನ್ನು ಕರೆದುಕೊಂಡು ಮದುವೆಯ ಫೋಟೊ ಆರಿಸಲು ಬರುವವರಿದ್ದರು. ಆರುನೂರು ಫೋಟೊ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಮಿರ್ಜಾನದ ಒಂದು ನಾಮಕರಣ ತೆಗೆದಾಗಿತ್ತು. ದೇವಪ್ಪನವರ ಬಾಯಿಗೆ ಬೀಳುವುದಕ್ಕಿಂತ ಶರಾವತಿಗೆ ಬೀಳುವುದು ಲೇಸೆಂದು ಆ ಸೀಮೆಯವರಿಗೆಲ್ಲ ಗೊತ್ತು. ಈ ಅಂಗಡಿಯನ್ನು ತೋರಿಸಿದವರೂ ಅವರೇ ಆದ್ದರಿಂದ ಅವರ ಮೇಲೂ ಮಾಬ್ಲೇಶ್ವರನಿಗೆ ಸಿಟ್ಟಿತ್ತು.

“ಆತು. ಮನೆಲೇ ಬಿಚ್ಚಿ, ಮನೆಲೇ ಸರಿ ಮಾಡಿ, ಇಲ್ಲೇ ತಂದು ನಿನ್ನ ಮುಖದ ಮುಂದೆ ಹಚ್ಚಿ ತೋರಿಸ್ತೇನೆ” ಎಂದವನೇ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಬಾಚಿಕೊಂಡು, ಹೊರಗೆ ಕೂಗುತ್ತಿದ್ದ ಭಟ್ಕಳದ ಟೆಂಪೊ ಹತ್ತಿಬಿಟ್ಟ.

ಮನೆ ಮುಟ್ಟಿದರೆ ಕರೆಂಟಿಲ್ಲ. ಮಂಗಳವಾರ, ಲೈನಿನ ಕೆಲಸ, ಸಂಜೆ ಆರರವರೆಗೆ ಬರುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದ್ದರಿಂದ ಕರೆಂಟಿಲ್ಲದೇ ಅದು ಹೊತ್ತುವುದೂ ಇಲ್ಲ. ವಿದ್ಯುತ್ ಇಲಾಖೆಯವರ ಏಳು ತಲೆಮಾರಿಗೂ ಬೈದು ಮಾಬ್ಲೇಶ್ವರ ಜಗಲಿಯಲ್ಲಿ ಚಾಪೆ ಹಾಸಿ ಕುಳಿತ.

“ಕರೆಂಟು ಬಂದ್ಮೇಲೆ ಒಂದ್ಸಲ ಹಚ್ಚಿ ನೋಡಿ, ಆಮೇಲೆ ಬಿಚ್ಚಿ” ಎಂದಳು ಹೆಂಡತಿ ವಿನುತಾ.

“ಎಂತ ನೋಡೂದು? ಆರು ದಿನ ಮುಟ್ಟದೇ ಇಟ್ಟಂವ ಇವತ್ತು ಬೆಳಿಗ್ಗೆ ಎದ್ದು ಸರಿ ಮಾಡಿರ್ತಾನಾ?”

ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಪಕ್ಕದಲ್ಲಿದ್ದ ಅಕ್ಕಿ ಕೇರುವ ಗೆರಸಿಗೆ ಹಾಕಿದ. ಒಂದು ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಪಕ್ಕದ ಮನೆಯ ಜಟ್ಟ, ಬೋಟಿನ ಇಂಜಿನು ಬಿಚ್ಚುವವನು, ಬೇಲಿಯಾಚೆಯಿಂದ ಇದನ್ನು ನೋಡಿ ಸುಮ್ಮನಿರಲಾರದೆ ಬಂದ. ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟು, ದವಡೆ ಬಿಗಿದು ತಿರುಗಿಸಿದ. ಸ್ಕ್ರೂ ಬಂತು, ಜೊತೆಗೆ ಒಂದು ಮೂಲೆಯೂ ಬಂತು.

“ಮೂಲೆ ಮುರ್ದೆಯಲ್ಲೋ” ಎಂದು ಮಾಬ್ಲೇಶ್ವರ ಹೌಹಾರಿದ.

“ಅದು ಚಂದಕ್ಕೆ ಇಟ್ಟದ್ದು, ಮಾಬ್ಲಣ್ಣ. ಇಂಜಿನು ಒಳಗೇ ಅದೆ.”

ಅಷ್ಟರಲ್ಲಿ ಒಳಗಿನಿಂದ ವಿನುತಾ ಮೊಬೈಲು ಹಿಡಿದು ಬಂದಳು. “ಹೊನ್ನಾವರದ ಅಂಗಡಿಯಿಂದ ಫೋನು.”

“ಈಗ ಕಾಲಿಗೆ ಬೀಳೂಕೆ ಮಾಡ್ತಾನೆ. ಬಡ್ಕಳ್ಲಿ. ಯಾರೂ ಎತ್ತಬೇಡಿ” ಎಂದ ಮಾಬ್ಲೇಶ್ವರ. ದಿನದಲ್ಲಿ ಮೊದಲ ಬಾರಿ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಒಳಗೆ ಒಂದೆಳೆ ಧೂಳಿರಲಿಲ್ಲ. ಧೂಳು ಕಂಡರೆ ನಿತ್ಯಾನಂದನಿಗೆ ಬೈಯಬಹುದೆಂದು ಕಾದಿದ್ದವನಿಗೆ ನಿರಾಸೆಯಾಗಿ, ಅದಕ್ಕೂ ಅವನಿಗೇ ಬೈದ. ಫ್ಯಾನಿನ ಬದಿಯ ತಾಮ್ರದ ಪಟ್ಟಿ ಎತ್ತಿದಾಗ ಕೆಳಗಿನ ಚಿಪ್‌ನ ಮೇಲೆ ಬೆಳ್ಳಗೆ ಎಂಥದೋ ಮೆತ್ತಿತ್ತು. “ನೋಡು, ಹಲ್ಲಿ ಹೊಲಸು ಮಾಡಿದ್ದನ್ನೂ ಒರೆಸಿಲ್ಲ” ಎಂದು ಪಂಚೆಯ ತುದಿಯಿಂದ ಫಳಫಳ ಒರೆಸಿದ.

ಆಗ ಬಂದವಳು ಹಿತ್ತಿಲ ಮನೆಯ ದುರ್ಗಮ್ಮ, ಎಲೆ ಸಂಚಿ ಸಮೇತ. “ತಮಾ, ಎಂತದು ಅದು, ಬಂಗಡೆ ಕೊಯ್ದಂಗೆ ಕೊಯ್ದು ಹಾಕಿದ್ಯಲ” ಎಂದು ಅವನ ಪಂಚೆ ಹಿಡಿದು ಬೆಳ್ಳಗಿನ ಕಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಹಲ್ಲಿದು ಅಲ್ಲ ಇದು. ಸುಣ್ಣ. ಇಷ್ಟು ವರ್ಷ ತಿಂದವ್ಳಿಗೆ ಗೊತ್ತಾಗೂದಿಲ್ವಾ?”

“ಸುಣ್ಣ ಎಂತಕ್ಕೆ ಹಾಕ್ತಾರೆ?”

“ಕಾವು ಹೀರೂಕೆ” ಎಂದ ಜಟ್ಟ, ಹುಟ್ಟಿದಾಗಿನಿಂದ ಗೊತ್ತಿದ್ದವನಂತೆ. “ಅದು ಒಣಗಿದ್ದಕ್ಕೇ ನಿಮ್ದು ಕಾಯ್ತಿತ್ತು. ಹೊಸತು ಹಚ್ಚಿದ್ರೆ ಆತು.”

ಇದು ಮಾಬ್ಲೇಶ್ವರನಿಗೂ ಸರಿ ಎನಿಸಿತು. ದುರ್ಗಮ್ಮ ಡಬ್ಬಿ ತೆಗೆದು, ಎಲೆಗೆ ಹಚ್ಚುವ ಹದದಲ್ಲಿ, ಒಂದು ಬೆರಳು ಸುಣ್ಣವನ್ನು ಧಾರಾಳವಾಗಿ ಸವರಿದಳು.

ಇನ್ನು ಸ್ಕ್ರೂ ಹಾಕಬೇಕು ಅನ್ನುವಾಗ ಗೆರಸಿ ಇಲ್ಲ. ವಿನುತಾ ಅದನ್ನು ಒಳಗೊಯ್ದು ಅದಕ್ಕೆ ಎರಡು ಸೇರು ಅಕ್ಕಿ ಸುರಿದಿದ್ದಳು.

“ಕಣ್ಣು ಕಾಣ್ತದಾ ಇಲ್ವಾ ನಿನಗೆ?”

“ಅಕ್ಕಿ ಗೆರಸಿಲಿ ಮೊಳೆ ಇಟ್ಟವ್ರಿಗೆ ಕಾಣ್ತದಾ?”

ಗಂಡಸರಿಬ್ಬರೂ ದುರ್ಗಮ್ಮನೂ ಸೇರಿ ಅಕ್ಕಿಯಲ್ಲಿ ಸ್ಕ್ರೂ ಆರಿಸಿದರು. ಫೋನು ಒಳಗೆ ಬಡಿದುಕೊಳ್ಳುತ್ತಲೇ ಇತ್ತು. ಸಂಜೆ ಐದೂಮುಕ್ಕಾಲಿಗೆ ಲ್ಯಾಪ್‌ಟಾಪು ಮುಚ್ಚಿಕೊಂಡಿತು, ಗೆರಸಿಯಲ್ಲಿ ಒಂಬತ್ತು ಸ್ಕ್ರೂ ಉಳಿದವು. “ಬೋಟಿಗೂ ಹಾಂಗೇ. ಉಳಿದದ್ದು ಕಂಪನಿಯವ್ರು ಸುಮ್ನೆ ಹಾಕಿದ್ದು” ಎಂದು ಜಟ್ಟ ಧೈರ್ಯ ಹೇಳಿದ.

ಆರು ಗಂಟೆಗೆ ಕರೆಂಟು ಬಂತು. ಮಾಬ್ಲೇಶ್ವರ ಮನಸ್ಸಿನಲ್ಲೇ ಊರ ದೇವಿ ಮಾಸ್ತಮ್ಮನಿಗೆ ಕಾಯಿ ಹೇಳಿಕೊಂಡು, ಚಾರ್ಜರು ಸಿಕ್ಕಿಸಿ ಗುಂಡಿ ಒತ್ತಿದ. ಫ್ಯಾನು ಗುಂಯ್ ಎಂದಿತು. ಪರದೆ ಬೆಳಗಿತು. ಪರದೆಯ ತುಂಬ ದೇವಪ್ಪನವರ ಮಗಳು ಸುಶ್ಮಿತಾ ನಗುತ್ತ ನಿಂತಿದ್ದಳು.

“ಮದವಣಗಿತ್ತಿ ಎಷ್ಟು ಲಾಯ್ಕ ಬಂದಳೆ” ಎಂದಳು ದುರ್ಗಮ್ಮ.

“ಫೋಟೊ ಉಳೀತು. ಆ ನಿತ್ಯಾನಂದನ್ನ ಈಗ ಬರೂಕೆ ಹೇಳು, ನೋಡ್ಲಿ” ಎಂದು ಮಾಬ್ಲೇಶ್ವರ ಎದ್ದು ನಿಂತ. ನಿಂತವನು ಹಾಗೇ ಬಗ್ಗಿ ಮತ್ತೆ ನೋಡಿದ. ಸುಶ್ಮಿತಾ ಸೀರೆಯಲ್ಲಿರಲಿಲ್ಲ. ಶಾಲೆಯ ನೀಲಿ ಲಂಗ, ಎರಡು ಜಡೆ, ಕೈಯಲ್ಲಿ ಬಹುಮಾನದ ಲೋಟ, ಪಕ್ಕದಲ್ಲಿ ಮೀಸೆ ತಿರುವಿಕೊಂಡ ದೇವಪ್ಪನವರು. ಈ ಫೋಟೊವನ್ನು ಅವನು ತೆಗೆದೇ ಇರಲಿಲ್ಲ.

ಅಷ್ಟರಲ್ಲಿ ಒಳಗೆ ಚಟ್ ಎಂದಿತು. ಅಗರಬತ್ತಿಯ ಗಾತ್ರದ ಹೊಗೆ ಬಂತು, ಪರದೆ ಕಪ್ಪಾಯಿತು. ಫೋನು ಮತ್ತೆ ಬಡಿದುಕೊಂಡಿತು, ಈ ಸಲ ಮಾಬ್ಲೇಶ್ವರನೇ ಎತ್ತಿದ.

“ನಾಯ್ಕ್ರೆ, ಬೆಳಿಗ್ಗಿಂದ ಹದಿನಾಲ್ಕು ಸಲ ಮಾಡ್ದೆ” ಎಂದ ನಿತ್ಯಾನಂದ. “ನಿಮ್ದು ನಿನ್ನೆ ರಾತ್ರೀನೇ ರೆಡಿ ಆಗಿತ್ತು. ಅದ್ಕೇ ತಮಾಷೆಗೆ ಒಂದು ಮಾತು ಹೇಳ್ದೆ, ತಲೆ ಎತ್ತೂದ್ರೊಳಗೆ ನೀವಿಲ್ಲ. ನೀವು ತಕಂಡು ಹೋದದ್ದು ದೇವಪ್ಪ ನಾಯ್ಕರದು. ಎರಡೂ ಭಟ್ಕಳದಲ್ಲಿ ತಕಂಡ ಒಂದೇ ನಮೂನೆ ಕರೀದು. ಅವ್ರದ್ದೂ ಮೊನ್ನೆನೇ ಸರಿ ಮಾಡಿ, ಒಳಗೆಲ್ಲ ಒರೆಸಿ, ಕಾವು ಎಳೀಲಿ ಅಂತ ಚಿಪ್‌ಗೆ ಹೊಸ ಬಿಳೀ ಪೇಸ್ಟು ಹಾಕಿ ಇಟ್ಟಿದ್ದೆ. ಹೆದರಬೇಡಿ, ಅವ್ರೆಂತ ಸಿಟ್ಟು ಮಾಡ್ಲಿಲ್ಲ. ನಿಮ್ದನ್ನ ಅವ್ರ ಕೈಲೇ ಕೊಟ್ಟು ಕಳಿಸಿದ್ದೇನೆ. ಅವ್ರದ್ದು ಕೊಟ್ಟು ನಿಮ್ದು ಇಸ್ಕಳಿ. ಜೀಪು ಇಷ್ಟೊತ್ತಿಗೆ ಶಿರಾಲಿ ಮುಟ್ಟಿರ್ಬೇಕು.”

ಜಟ್ಟನಿಗೆ ಬೋಟಿನ ಕೆಲಸ ನೆನಪಾಯಿತು. ದುರ್ಗಮ್ಮ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬಾಗಿಲಿನಿಂದ ಹೊರಟಳು. ವಿನುತಾ ಒಂಬತ್ತು ಸ್ಕ್ರೂಗಳನ್ನು ಗಂಡನ ಕೈಗೆ ಸುರಿದು, ಗೆರಸಿ ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆಯಿಂದ ಕಂಡಕಂಡವರಿಗೆಲ್ಲ ಬೈದು ಮುಗಿಸಿದ್ದ ಮಾಬ್ಲೇಶ್ವರನಿಗೆ ಇನ್ನು ಬೈಸಿಕೊಳ್ಳಲು ಉಳಿದವನು ತಾನೊಬ್ಬನೇ ಎಂದು ಹೊಳೆಯಿತು. ಆ ಕೆಲಸ ಮಾಡುವುದಕ್ಕೆ, ಅಂಗಳದಲ್ಲಿ ಚಪ್ಪಲಿ ಬಿಟ್ಟು, ದೇವಪ್ಪ ನಾಯ್ಕರು ಜಗಲಿಯ ಮೆಟ್ಟಿಲು ಹತ್ತುತ್ತಿದ್ದರು.