ಬೆಕ್ಕು, ಗೂಬೆ, ಹೆಗ್ಗಣ ಮತ್ತು ನಾನು

ಪ್ರಾಣಿಗಳ ಚಿತ್ರ ಬರೆದು ಬದುಕುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕುರುಬರಹಳ್ಳಿಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಹೋದ ವರ್ಷ ಪೂರ್ತಿ ಮಕ್ಕಳಿಗೊಂದು ಚಿತ್ರಕಾದಂಬರಿ ಮಾಡುತ್ತಿದ್ದೆ. ಬೆಕ್ಕು, ಗೂಬೆ, ಹೆಗ್ಗಣ, ಮೂವರು ಗೆಳೆಯರು. ಕಳೆದುಹೋದ ತಮ್ಮ ನೆರಳುಗಳನ್ನು ಹುಡುಕಿಕೊಂಡು ನೆಲದಡಿಯ ಲೋಕಕ್ಕೆ ಇಳಿಯುತ್ತಾರೆ.

ಒಕ್ಕಣ್ಣ

ನನ್ನ ಬೆಕ್ಕಿಗೆ ಎಡಗಣ್ಣಿಲ್ಲ. ಬೂದಿ ಬಣ್ಣ, ಕತ್ತಿನಡಿ ಬಿಳಿ ಮಚ್ಚೆ. ಯಾವ ಬೆಕ್ಕನ್ನೂ ನೋಡಿ ಬರೆದದ್ದಲ್ಲ. ಚಿತ್ರಗಳಿಗೆ ಬಣ್ಣ ಮುಗಿಸಿದ ಮಾರನೇ ಬೆಳಿಗ್ಗೆ ಕಿಟಕಿ ತೆಗೆದರೆ ಕಾಂಪೌಂಡ್ ಗೋಡೆಯ ಮೇಲೆ ಅದೇ ಕೂತಿದೆ. ಬೂದಿ ಬಣ್ಣ, ಬಿಳಿ ಮಚ್ಚೆ, ಒಂದೇ ಕಣ್ಣು. ಆ ಕಣ್ಣು ನನ್ನನ್ನೇ ನೋಡುತ್ತಿದೆ, ಮಿಟುಕಿಸುತ್ತಲೂ ಇಲ್ಲ. ಕಾಫಿ ಲೋಟ ಕೆಳಗಿಟ್ಟು ಕಿಟಕಿ ಹಾಕಿಬಿಟ್ಟೆ.

ಅರ್ಧ ಗಂಟೆಗೆ ಕೆಳಗಿನ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು.

"ನಿನ್ನ ಬೆಕ್ಕು ನಮ್ಮನೆ ಹಾಲೆಲ್ಲ ಕುಡೀತು ಕಣಮ್ಮ."

"ನಂದಲ್ಲ ಆಂಟಿ. ಇವತ್ತೇ ಮೊದಲು ನೋಡಿದ್ದು."

ಆಂಟಿ ಮೇಜಿನ ಕಡೆ ನೋಡಿದರು. ಹದಿನಾಲ್ಕು ಹಾಳೆ, ಎಲ್ಲದರಲ್ಲೂ ಅದೇ ಒಕ್ಕಣ್ಣ.

"ಇವತ್ತೇ ನೋಡಿದ್ದಾ? ಹೆತ್ತ ಮಗೂಗೂ ಯಾರೂ ಇಷ್ಟು ಫೋಟೋ ತೆಗೆಸಲ್ಲಮ್ಮ!"

ಬಾರದ ಗೂಬೆ

ಒಂದು ಪುಟದ ಬಣ್ಣ ಹೇಗೆ ಬರುತ್ತದೆ ನೋಡೋಣ ಅಂತ ರಾಜಾಜಿನಗರದ ಪ್ರಿಂಟ್ ಅಂಗಡಿಗೆ ಹೋದೆ. ಗೂಬೆ ಬೇವಿನ ಕೊಂಬೆಯ ಮೇಲೆ ಕೂತಿರುವ ಪುಟ. ಮರ ಬಂತು, ಕೊಂಬೆ ಬಂತು, ಚಂದ್ರನೂ ಬಂದ. ಗೂಬೆ ಇಲ್ಲ. ಅದು ಕೂತ ಜಾಗ ಬೆಳ್ಳಗೆ ಖಾಲಿ.

ಕಂಪ್ಯೂಟರಿನಲ್ಲಿ ನೋಡಿದರೆ ಕೂತಿದೆ. ಅಂಗಡಿಯವರು ಇನ್ನೊಂದು ಸಲ ಪ್ರಿಂಟ್ ಕೊಟ್ಟರು, ಮತ್ತೊಂದು ಸಲ ಕೊಟ್ಟರು. ಗೂಬೆ ಬರಲಿಲ್ಲ. ನಾಲ್ಕನೆಯ ಹಾಳೆ ಪೂರ್ತಿ ಕಪ್ಪಾಗಿ ಬಂತು. ನಡುವೆ ಎರಡೇ ಎರಡು ಹಳದಿ ಕಣ್ಣು.

ಅಂಗಡಿಯವರು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ದೂರ ಇಟ್ಟರು. ಗೋಡೆಯ ದೇವರ ಪಟದತ್ತ ಒಮ್ಮೆ ನೋಡಿದರು. ನನಗೂ ಬೆನ್ನಲ್ಲಿ ಚಳಿ. ಅದನ್ನು ಮುಚ್ಚಿಕೊಳ್ಳಲು ಜೋರು ಮಾಡಿದೆ: "ನಿಮ್ಮ ಪ್ರಿಂಟರೇ ಸರಿಯಿಲ್ಲ ಅಣ್ಣ."

ಅವರಿಗೆ ರೇಗಿತು. "ನೋಡಿ ಮೇಡಂ, ಬೇರೆ ಏನು ಬೇಕಾದ್ರೂ ಹೇಳಿ. ನನ್ನ ಪ್ರಿಂಟರ್ ಮೇಲೆ ಮಾತ್ರ ಗೂಬೆ ಕೂರಿಸ್ಬೇಡಿ!"

ಮೊಂಡು ಬಾಲ

ಕೊನೆಯಲ್ಲಿ ಹೆಗ್ಗಣ ಸಾಯಬೇಕು ಅಂತ ಪ್ರಕಾಶನದ ಸಂಪಾದಕಿಯ ಹಟ. ಗೆಳೆಯರನ್ನು ಸುರಂಗದಿಂದ ದಾಟಿಸಿ ಅದು ಒಳಗೇ ಉಳಿಯಬೇಕು. "ಮಕ್ಕಳು ಅಳಬೇಕು ಕಣ್ರೀ, ಆಗಲೇ ಪುಸ್ತಕ ನೆನಪಲ್ಲಿರೋದು." ನನಗೆ ಇಷ್ಟವಿರಲಿಲ್ಲ, ಆದರೂ ಹಾಗೇ ಬರೆದೆ. ಅಚ್ಚಿಗೆ ಹೋಗುವ ಮುಂಚೆ ಆರ್‌ಪಿಸಿ ಲೇಔಟಿನ ಒಂದು ಶಾಲೆಯಲ್ಲಿ ಮಧ್ಯಾಹ್ನ ಓದಿ ತೋರಿಸಿದೆ.

ಹೆಗ್ಗಣ ಸತ್ತಿತು. ಮಕ್ಕಳೆಲ್ಲ ಅತ್ತರು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಮಾತ್ರ ಅಳಲಿಲ್ಲ.

"ಅದು ಸತ್ತಿಲ್ಲ ಆಂಟಿ. ನಿಮ್ಮ ಹಿಂದೇನೇ ಇದೆ."

ತಿರುಗಿ ನೋಡಿದೆ. ಕಪಾಟು, ಗೋಡೆ, ಭೂಪಟ.

"ಈಗ ಕಪಾಟಿನ ಕೆಳಗೆ ಹೋಯ್ತು. ನೀವು ತಪ್ಪು ಬರೆದಿದ್ದೀರ. ಅದಕ್ಕೆ ಬಾಲ ಅರ್ಧ ಮಾತ್ರ ಇದೆ."

ಮೊಟ್ಟಮೊದಲು ನಾನು ಹೆಗ್ಗಣಕ್ಕೆ ಮೊಂಡು ಬಾಲವನ್ನೇ ಬರೆದಿದ್ದೆ. ಆಮೇಲೆ ಅಳಿಸಿ ಉದ್ದ ಮಾಡಿದೆ. ಆ ಹಾಳೆಯನ್ನು ಯಾರಿಗೂ ತೋರಿಸಿರಲಿಲ್ಲ.

ಅಷ್ಟರಲ್ಲಿ ಪಾದದ ಮೇಲೆ ಏನೋ ಭಾರವಾಗಿ, ಬೆಚ್ಚಗೆ ಹಾದುಹೋಯಿತು. ಬೆಕ್ಕಿನಷ್ಟು ದಪ್ಪದ ಹೆಗ್ಗಣ! ಬಾಲ ಅರ್ಧವೇ. ನಾನು ಮೇಜು ಹತ್ತಿದೆ, ಟೀಚರ್ ನನಗಿಂತ ಮೊದಲೇ ಹತ್ತಿದ್ದರು, ಮಕ್ಕಳೆಲ್ಲ ಬೆಂಚಿನ ಮೇಲೆ. ನೆಲದಲ್ಲಿ ಉಳಿದವಳು ಆ ಹುಡುಗಿ ಒಬ್ಬಳೇ. ಬಾಗಿಲವರೆಗೆ ಹೋಗಿ, ಅದನ್ನು ಕಳಿಸಿಕೊಟ್ಟು ಬಂದಳು.

"ಹೋಯ್ತು ಆಂಟಿ. ಸರಿಯಾಗಿ ಬರೀಬೇಕಂತೆ."

ಮೇಜಿನ ಮೇಲೆ ನಿಂತೇ ಕೊನೆಯ ಪುಟ ಹೊಡೆದುಹಾಕಿದೆ. ಹೆಗ್ಗಣ ಬದುಕಿತು, ಬಾಲವೂ ಮೊಂಡಾಯಿತು. ತಿದ್ದಿದ ಪುಟಗಳನ್ನು ಆಗಲೇ ಪ್ರಕಾಶನಕ್ಕೆ ಕಳಿಸಿಬಿಟ್ಟೆ.

ಸಂಜೆ ಸಂಪಾದಕಿಯ ಫೋನು. ಸಿಟ್ಟಿನಿಂದ ಕೇಳಿದರು: "ಕ್ಲೈಮ್ಯಾಕ್ಸೇ ಬದಲಾಯಿಸಿದ್ದೀರಲ್ಲ, ಯಾರನ್ನ ಕೇಳಿ ಮಾಡಿದ್ರಿ?"

"ಸತ್ತೋರನ್ನೇ ಕೇಳ್ದೆ ಮೇಡಂ," ಅಂದೆ.