ಏಳು ಉತ್ತಯ್ಯಂದಿರ ಲಿಸ್ಟು

ಆನ್‌ಲೈನ್ ಬ್ಯಾಂಕ್ ಬಂದ ಮೇಲೆ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಿತು ಅಂತ ಜನ ಹೇಳುತ್ತಾರೆ. ನಿಜ, ತಪ್ಪಿತು. ಈಗ ಕುರ್ಚಿಯಲ್ಲಿ ಕೂತೇ ಬೆವರುವ ಸೌಕರ್ಯ ಒದಗಿದೆ. ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಲೆಕ್ಕ ಬರೆಯುವುದು, ಸಂಬಳ ಹಂಚುವುದು, ಸಾವ್ಕಾರ್ರ ಹತ್ತಿರ ಬೈಸಿಕೊಳ್ಳುವುದು, ಇಪ್ಪತ್ತೆರಡು ವರ್ಷದಿಂದ ಇದೇ ಉದ್ಯೋಗ. ಹಣ ಯಾರಿಗೆ ಕಳಿಸಬೇಕೋ ಅವರ ಹೆಸರು, ಖಾತೆ ನಂಬರು ಎಲ್ಲ ಮೊದಲೇ ಸೇರಿಸಿಟ್ಟುಕೊಳ್ಳುವ ಒಂದು ಪಟ್ಟಿ ಇದೆಯಲ್ಲ, ಬ್ಯಾಂಕಿನವರು ಅದಕ್ಕೆ ಕನ್ನಡದಲ್ಲಿ ‘ಫಲಾನುಭವಿಗಳು’ ಅಂತ ಹೆಸರಿಟ್ಟಿದ್ದಾರೆ. ಆ ಪಟ್ಟಿಯಿಂದಾಗಿ ವಾರಕ್ಕೊಂದು ರಾಮಾಯಣ ಆಗದೆ ಹೋದದ್ದಿಲ್ಲ. ಫಲವೆಲ್ಲ ಅನುಭವಿಸಿದ್ದು ನಾನೊಬ್ಬನೇ.

೧. ಅಡ್ಡಹೆಸರಿನ ಖಾನೆ

ಮೊದಲ ದಿನವೇ ಸಾವ್ಕಾರ್ರು ಕಾನೂನು ಹೇಳಿಬಿಟ್ಟರು. “ರೈಟ್ರೇ, ಹಣದ ವಿಷಯ. ಒಂದು ತಪ್ಪಾದ್ರೆ ಬಿಡ್ತೇನೆ. ಎರಡಾದ್ರೂ ಬಿಡ್ತೇನೆ. ಮೂರನೇದು ಆದ್ರೆ ನೀವು ಮೇಲಿನ ಪ್ಲಾಟಿಗೆ ಹೋಗಿ ಕಾಫಿ ಪಿಕ್ಕಿಂಗ್ ನೋಡ್ಕೊಳ್ಳಿ. ಈ ಕುರ್ಚಿ ಭಾವನಿಗೆ.”

ಮೇಲಿನ ಪ್ಲಾಟು ಅಂದರೆ ಗೋಡೆ ಹತ್ತಿದ ಹಾಗೆ ಹತ್ತಬೇಕು. ಗಿಡಕ್ಕೊಂದು ಕಚ್ಚುವ ಚಗಳಿ ಇರುವೆಯ ಗೂಡು. ನನ್ನ ಎರಡು ಮಂಡಿಯೂ ಕೆಟ್ಟು ಐದು ವರ್ಷವಾಗಿದೆ. ಇನ್ನು ಭಾವ ಅಂದರೆ ಸಾವ್ಕಾರ್ರ ಹೆಂಡತಿಯ ಅಣ್ಣ, ಮೈಸೂರಿನಲ್ಲಿ ಯಾವುದೋ ಆಫೀಸಿನಿಂದ ರಿಟೈರ್ ಆದವರು. ಎರಡು ದಿನ ಇದ್ದು ಹೋಗುತ್ತೇನೆ ಅಂತ ಮಳೆಗಾಲದಲ್ಲಿ ಬಂದಿದ್ದರು. ಮಳೆ ಹೋಯಿತು, ಅವರು ಹೋಗಲಿಲ್ಲ. ದಿನಾ ಆಫೀಸಿಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತು, ಸೀಟು ಮೆತ್ತಗಿದೆಯಾ ಅಂತ ಒತ್ತಿ ನೋಡುತ್ತಿದ್ದರು.

ಪಟ್ಟಿ ಮಾಡಲು ಕೂತೆ. ನಮ್ಮ ಕಡೆ ಹೆಸರಿಗೆ ಬಹಳ ಬರಗಾಲ, ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು ಮುಗಿಸುತ್ತಾರೆ. ಹೀಗಾಗಿ ನಮ್ಮ ಎಸ್ಟೇಟಿನಿಂದ ಹಣ ಹೋಗುವವರಲ್ಲಿ ಏಳು ಜನ ಉತ್ತಯ್ಯಂದಿರು. ಊರಿನಲ್ಲಿ ಮನೆಹೆಸರು ಹಿಡಿದು ಗುರುತು ಹೇಳುತ್ತೇವೆ. ಪಾಸ್‌ಬುಕ್ಕಿನಲ್ಲಿ ಆ ಮನೆಹೆಸರು ಒಂದು ಇನಿಷಿಯಲ್ಲಾಗಿ ಕೂತಿರುತ್ತದೆ. ಪುಣ್ಯಕ್ಕೆ ಬ್ಯಾಂಕಿನವರು ಅಡ್ಡಹೆಸರಿಗೆ ಅಂತಲೇ ಒಂದು ಖಾನೆ ಕೊಟ್ಟಿದ್ದರು. ಕೊಡಗಿನವನಿಗೆ ಇದನ್ನು ಹೇಳಿಕೊಡಬೇಕಾ? ಪಂಪು ರಿಪೇರಿ ಮಾಡುವವನು ‘ಪಂಪ್’. ಗೋಣಿಚೀಲ ಮಾರುವವನು ‘ಗೋಣಿ’. ಒಂದು ಮಾತು ಕೇಳಿದರೆ ಒಂದು ಗಂಟೆ ಹೇಳುವವನು ‘ರೇಡಿಯೋ’. ಪಕ್ಕದ ತೋಟದ ಉತ್ತಯ್ಯನಿಗೂ ಸಾವ್ಕಾರ್ರಿಗೂ ದಾರಿಯ ಜಗಳ. ಅವರು ದಾರಿಗೆ ಗೇಟು ಹಾಕಿಸಿ, ಬೀಗ ಜಡಿದು, ಖರ್ಚು ಇವರೇ ಕೊಡಬೇಕು ಅಂದ ಮೇಲೆ ಆರು ವರ್ಷ ಮಾತಿಲ್ಲ. ಹಿಂದೆ ಇಬ್ಬರೂ ಸೇರಿ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದರಿಂದ ಅವರ ಖಾತೆಯೂ ದಾಖಲೆಯಲ್ಲಿತ್ತು. ಅವರಿಗೆ ‘ಮುಟ್ಟಬೇಡಿ’ ಅಂತ ಹಾಕಿದೆ.

ಸಾವ್ಕಾರ್ರು ಪಟ್ಟಿ ಪೂರ್ತಿ ಓದಿ, “ಎಲ್ಲ ಸರಿ ಉಂಟು ರೈಟ್ರೇ. ನಂಗೆಂತ ಹೆಸರಿಟ್ಟಿದ್ದೀರಿ ಅಂತ ಮಾತ್ರ ನಾನು ಕೇಳೋದಿಲ್ಲ” ಅಂದರು.

೨. ಗುಟ್ಟಿನ ನಂಬರು

ಹೊಸ ಹೆಸರು ಸೇರಿಸಿದಾಗಲೆಲ್ಲ ಸಾವ್ಕಾರ್ರ ಮೊಬೈಲಿಗೆ ಬ್ಯಾಂಕಿನಿಂದ ಆರು ಅಂಕಿಯ ನಂಬರು ಬರುತ್ತದೆ. ಕೆಲವೇ ನಿಮಿಷದಲ್ಲಿ ಅದನ್ನು ಕಂಪ್ಯೂಟರಿಗೆ ಹೊಡೆಯಬೇಕು. ಕಂಪ್ಯೂಟರು ಇರುವುದು ಕೆಳಗೆ ಆಫೀಸಿನಲ್ಲಿ. ಮಾತಾಡಲು ಆಫೀಸಿನಲ್ಲೂ ಮನೆಯಲ್ಲೂ ಲ್ಯಾಂಡ್‌ಲೈನ್ ಇದೆ, ಮೊಬೈಲಿಗೆ ಸಿಗ್ನಲ್ ಸಿಗುವುದು ಮಾತ್ರ ಮೇಲೆ ಕಣದ ಆಚೆ ನೀರಿನ ಟ್ಯಾಂಕಿನ ಹತ್ತಿರ. ನಡುವೆ ಎರಡು ಎಕರೆ ಕಾಫಿ, ಅದರ ತುಂಬ ಪಿಕ್ಕಿಂಗ್ ಮಾಡುವ ಹೆಂಗಸರು.

ಸಾವ್ಕಾರ್ರು ಟ್ಯಾಂಕಿನ ಕಟ್ಟೆ ಹತ್ತಿ ಕೂಗುತ್ತಿದ್ದರು: “ನಾಲ್ಕು! ಒಂದು! ಒಂಬತ್ತು!” ನನಗೆ ಕೇಳುತ್ತಿರಲಿಲ್ಲ. ಮೇಲಿನ ಸಾಲಿನ ಹೆಂಗಸು ಕೇಳಿ ಕೆಳಗಿನ ಸಾಲಿಗೆ ಕೂಗುತ್ತಿದ್ದಳು, ಅವಳು ಇನ್ನೊಬ್ಬಳಿಗೆ. ಕೊನೆಯ ಸಾಲಿನ ಅಜ್ಜಿ ಆಫೀಸಿನ ಕಿಟಕಿಯಲ್ಲಿ ತಲೆ ಹಾಕಿ ನನಗೆ ಹೇಳುತ್ತಿದ್ದಳು. ಒಂದು ನಂಬರೂ ತಪ್ಪಿದ್ದಿಲ್ಲ. ಒಂದು ಸಲ ಸಾವ್ಕಾರ್ರೇ ತಡವರಿಸಿದಾಗ ನಡುವಿನಿಂದ ಯಾರೋ, “ಸಾವ್ಕಾರ್ರೇ, ಆವಾಗ ಒಂಬತ್ತು ಅಂದ್ರಿ, ಈಗ ಏಳು ಅಂತೀರಲ್ಲ, ಸರಿಯಾಗಿ ನೋಡಿ!” ಅಂತ ಗದರಿದ್ದೂ ಉಂಟು.

ಆ ಮೆಸೇಜಿನ ಕೊನೆಯಲ್ಲಿ ‘ಈ ನಂಬರನ್ನು ಯಾರಿಗೂ ತಿಳಿಸಬೇಡಿ’ ಅಂತ ಒಂದು ಸಾಲು ಇರುತ್ತದೆ. ಸಾವ್ಕಾರ್ರು ಅದನ್ನೂ ಬಿಡದೆ ಕೂಗಿ ಹೇಳುತ್ತಿದ್ದರು.

೩. ಅಣ್ಣನ ಉಡುಗೊರೆ

ತಪ್ಪು ಖಾತೆಗೆ ಹೋಗದಿರಲಿ ಅಂತ ಸಾವ್ಕಾರ್ರದ್ದೇ ಒಂದು ನಿಯಮ. ಹೊಸದಾಗಿ ಪಟ್ಟಿಗೆ ಸೇರಿದವರಿಗೆ ಮೊದಲು ಒಂದು ರೂಪಾಯಿ ಕಳಿಸಬೇಕು, ಫೋನು ಮಾಡಿ ಬಂತಾ ಅಂತ ಕೇಳಬೇಕು, ಆಮೇಲೆ ಉಳಿದದ್ದು. ಬಹಳ ಒಳ್ಳೆಯ ನಿಯಮ. ಯಾವ ದಡ್ಡನೂ ಪಾಲಿಸಬಹುದು, ನಾನೂ ಪಾಲಿಸಿದೆ.

ಸಂಪಾಜೆಯಲ್ಲಿ ಸಾವ್ಕಾರ್ರ ತಂಗಿಯ ಹೊಸ ಮನೆ ಒಕ್ಕಲು, ಅಂದರೆ ಗೃಹಪ್ರವೇಶ. ಪಿಕ್ಕಿಂಗ್ ಜೋರಿದ್ದ ಕಾಲ, ಇಲ್ಲಿಂದ ಯಾರೂ ಹೋಗುವ ಹಾಗಿರಲಿಲ್ಲ. ಉಡುಗೊರೆ ಕಳಿಸಿ ಅಂದರು. ತಂಗಿಯ ಖಾತೆ ಹಿಂದಿನ ದಿನವೇ ಸೇರಿಸಿ, ಅವತ್ತು ಒಂದು ರೂಪಾಯಿ ಕಳಿಸಿ ಫೋನು ಮಾಡಿದೆ. ಎತ್ತಲಿಲ್ಲ. ಪೂಜೆ ನಡೆಯುತ್ತಿರುವಾಗ ಯಾರು ಎತ್ತುತ್ತಾರೆ? ನಾನು ನಿಯಮದ ಮನುಷ್ಯ, ಎತ್ತುವ ತನಕ ಉಳಿದದ್ದು ಕಳಿಸಬಾರದು ಅಂತ ಕೂತೆ.

ಅಲ್ಲಿ ಆದದ್ದು ಆಮೇಲೆ ಗೊತ್ತಾಯಿತು. ಗಂಡನ ಮನೆಯವರೆಲ್ಲ ಊಟಕ್ಕೆ ಕೂತಾಗ ಆಕೆಯ ಮೊಬೈಲು ಟಿಣ್ ಅಂದಿದೆ. ಅತ್ತೆ, “ಯಾರದ್ದಮ್ಮ?” ಅಂದಿದ್ದಾರೆ. ಈಕೆ ಸಂಭ್ರಮದಲ್ಲಿ, “ನನ್ನಣ್ಣ ಉಡುಗೊರೆ ಕಳ್ಸಿದ್ದಾನೆ ಅತ್ತೆ!” ಅಂತ ಮೊಬೈಲು ಅವರ ಕೈಗೇ ಕೊಟ್ಟಿದ್ದಾರೆ. ಅತ್ತೆ ಕನ್ನಡಕ ಹಾಕಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದ್ದಾರೆ.

ಸಂಜೆ ಫೋನು ಬಂತು. ಸಾವ್ಕಾರ್ರು ಸ್ಪೀಕರಿನಲ್ಲಿ ಹಾಕಿದರು. “ಅಣ್ಣಾ, ಇಷ್ಟೊಂದೆಲ್ಲ ಎಂತಕ್ಕೆ ಕಳ್ಸಿದ್ದು? ನಿಂಗೂ ಕಾಫಿ ರೇಟು ಸರಿ ಇಲ್ಲ, ಮನೆ ನಡೀಬೇಕಲ್ಲ!” ಸಾವ್ಕಾರ್ರು ಬೆವರು ಒರೆಸಿಕೊಂಡು ಎಲ್ಲ ವಿವರಿಸಿ, ಪೂರ್ತಿ ಹಣ ನನ್ನಿಂದ ಹಾಕಿಸಿ, ಒಂದು ರೂಪಾಯಿಯ ನಿಯಮವನ್ನೇ ಅಲ್ಲಿಗೆ ರದ್ದು ಮಾಡಿದರು. ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿ, “ಒಂದು” ಅಂದರು. ನಿಯಮ ನಿಮ್ಮದೇ ಅಲ್ಲವಾ ಅಂತ ಕೇಳುವ ಧೈರ್ಯ ನನ್ನ ಮಂಡಿಗೆ ಇರಲಿಲ್ಲ.

ಮರುದಿನ ತಂಗಿಯ ಖಾತೆಯಿಂದ ಎರಡು ರೂಪಾಯಿ ವಾಪಸ್ ಬಂತು. ಅತ್ತೆ ಬಡ್ಡಿ ಸೇರಿಸಿ ಕಳಿಸಲು ಹೇಳಿದರಂತೆ.

೪. ಬೇಲಿಯವನ ಪ್ರಾಮಾಣಿಕತೆ

ಆನೆ ಬರದ ಹಾಗೆ ಸೋಲಾರ್ ಬೇಲಿ ಹಾಕುವವನೊಬ್ಬ ನಮಗೆ ಗಂಟುಬಿದ್ದಿದ್ದ. ಸಿದ್ದಾಪುರದವನು. ಕೆಲಸ ಚೆನ್ನಾಗಿ ಮಾಡುತ್ತಾನೆ, ಬಂದರೆ. ಯಾವಾಗ ಫೋನು ಮಾಡಿದರೂ, “ನಾಳೆ ಬರ್ತೇನೆ ರೈಟ್ರೇ, ಸತ್ಯವಾಗಿಯೂ.” ಹೀಗೆ ನಾಲ್ಕು ತಿಂಗಳು. ಆನೆಗಳು ಮಾತ್ರ ಹೇಳದೆಯೇ ಬರುತ್ತಿದ್ದವು. ನಾನು ಪಟ್ಟಿಯಲ್ಲಿ ಅವನ ಅಡ್ಡಹೆಸರಿನ ಖಾನೆಗೆ ‘ನಾಳೆ ಬರ್ತೇನೆ’ ಅಂತಲೇ ಹೊಡೆದಿಟ್ಟೆ.

ಒಂದು ದಿನ ಅವನಿಗೆ ಅಡ್ವಾನ್ಸ್ ಕಳಿಸಿದೆ. ಬಂದಿಲ್ಲ ಅಂದ. ಕಳಿಸಿದ್ದೇನೆ ಅಂದೆ. “ಸ್ಕ್ರೀನ್‌ಶಾಟ್ ಹಾಕಿ ನೋಡುವ” ಅಂದ. ಹಾಕಿದೆ. ಹಾಕಿದ ಮೇಲೆ ನಾನೂ ನೋಡಿದೆ. ಮೊತ್ತ ಸಣ್ಣ ಅಕ್ಷರದಲ್ಲಿ, ‘ನಾಳೆ ಬರ್ತೇನೆ’ ದೊಡ್ಡ ಅಕ್ಷರದಲ್ಲಿ.

ಆ ಮನುಷ್ಯ ಬಂದ! ನಾಳೆ ಅಲ್ಲ, ಅವತ್ತೇ, ಊಟದ ಹೊತ್ತಿಗೆ ಮೊದಲೇ. ನಾಲ್ಕು ತಿಂಗಳಲ್ಲಿ ಬೇಲಿಗೆ ಬಾರದವನು ಜಗಳಕ್ಕೆ ಒಂದೂವರೆ ಗಂಟೆಯಲ್ಲಿ ಬಂದ. “ನಾನು ಹೇಳಿದ ಹಾಗೆ ನಡೆಯುವ ಮನುಷ್ಯ. ನನ್ನ ಮರ್ಯಾದೆ ಎಂತ ಆಯ್ತು ಸಾವ್ಕಾರ್ರೇ?” ಅಂತ ಅಂಗಳದಲ್ಲಿ ನಿಂತು ಕಿರುಚಾಡಿದ. ಹೆಸರು ತೆಗೆಯದೆ ತಂತಿ ಮುಟ್ಟುವುದಿಲ್ಲ ಅಂತ ಹಠ ಹಿಡಿದ. ಸಾವ್ಕಾರ್ರು ಎರಡು ಬೆರಳು ಎತ್ತಿದರು. ಹಿಂದೆ ಆಫೀಸಿನೊಳಗೆ ಭಾವ ಆಗಲೇ ಮೇಜಿನ ಮೇಲಿನ ನನ್ನ ಕನ್ನಡಕದ ಡಬ್ಬಿಯನ್ನು ಬದಿಗೆ ಸರಿಸುತ್ತಿದ್ದರು.

ನಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಅಡ್ಡಹೆಸರು ತಿದ್ದಲು ಬರುವುದಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಸೇರಿಸಬೇಕು, ಸೇರಿಸಿದ ದಿನ ದೊಡ್ಡ ಮೊತ್ತ ಹೋಗುವುದಿಲ್ಲ. ಅವನ ಕಣ್ಣೆದುರೇ ಅಳಿಸಿ, ಮರ್ಯಾದಸ್ಥ ಹೆಸರು ಹಾಕಿದೆ. ಸಮಾಧಾನವಾಗಿ, “ಸರಿ, ಬಾಕಿ ಹಣ ಈಗಲೇ ಹಾಕಿಬಿಡಿ” ಅಂದ.

“ನಾಳೆ ಬರ್ತದೆ, ಸತ್ಯವಾಗಿಯೂ” ಅಂದೆ.

೫. ಭಾವನ ಸುಧಾರಣೆ

ಇಷ್ಟಾದ ಮೇಲೆ ಭಾವನಿಗೆ ಬಾಗಿಲು ತೆರೆಯಿತು. “ಅಡ್ಡಹೆಸರು ಅಂದ್ರೆ ಅಸಹ್ಯ. ಆಫೀಸ್ ಅಂದ ಮೇಲೆ ಒಂದು ಶಿಸ್ತು ಬೇಡ್ವೇನ್ರೀ?” ಅಂತ ಕೂತು, ಒಂದು ವಾರ ನಮ್ಮ ಪಟ್ಟಿಯನ್ನೆಲ್ಲ ಅಳಿಸಿ, ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೆ ಸೇರಿಸಿದರು. ಸಾವ್ಕಾರ್ರು ಟ್ಯಾಂಕಿನ ಕಟ್ಟೆಯಿಂದ ಇಳಿಯಲೇ ಇಲ್ಲ, ಪಾಪ. ‘ಮುಟ್ಟಬೇಡಿ’ಯನ್ನಾದರೂ ಬಿಟ್ಟುಬಿಡಿ ಅಂದೆ. “ದಾಖಲೆ ಯಾವತ್ತೂ ಬಿಡಬಾರದು, ನಾನು ಮೂವತ್ತು ವರ್ಷ ಬಿಟ್ಟಿಲ್ಲ” ಅಂದರು. ಶಿಸ್ತು ಬಂತು. ಈಗ ಏಳು ಉತ್ತಯ್ಯಂದಿರು ಒಂದೇ ಯೂನಿಫಾರ್ಮು ಹಾಕಿ ಸಾಲಾಗಿ ನಿಂತಿದ್ದರು. ಅದರಲ್ಲಿ ಇಬ್ಬರ ಇನಿಷಿಯಲ್ಲೂ ಒಂದೇ, ಬ್ಯಾಂಕೂ ಒಂದೇ.

ಕಾಫಿ ಹೂವು ಅರಳಲು ಪಂಪು ಹಾಕಿ ನೀರು ಕೊಡುವ ಕಾಲ ಹತ್ತಿರ ಬಂತು. ಪಂಪಿನ ಉತ್ತಯ್ಯನಿಗೆ ಮೂರು ತಿಂಗಳಿಂದ ಹಣ ಕೊಟ್ಟಿರಲಿಲ್ಲ. “ಅವನು ಮುನಿಸಿಕೊಂಡ್ರೆ ಕಷ್ಟ ರೈಟ್ರೇ. ಹದಿನೆಂಟು ಸಾವಿರ ಕಳ್ಸಿ, ಷರಾ ಬರೆಯುವ ಜಾಗದಲ್ಲಿ ಎರಡು ಒಳ್ಳೇ ಮಾತು ಹಾಕಿ” ಅಂದರು ಸಾವ್ಕಾರ್ರು. ನಾನು ‘ತಡವಾಯ್ತು, ಬೇಜಾರು ಮಾಡ್ಬೇಡಿ’ ಅಂತ ಬರೆದು ಕಳಿಸಿದೆ.

ಮರುದಿನ ಬೆಳಿಗ್ಗೆ ಪಂಪಿನವನ ಫೋನು, ಹಣ ಬಂದಿಲ್ಲ ಅಂತ. ತೆಗೆದು ನೋಡಿದರೆ ಹದಿನೆಂಟು ಸಾವಿರವೂ ಪಕ್ಕದ ತೋಟಕ್ಕೆ, ಆರು ವರ್ಷದ ಶತ್ರುವಿನ ಖಾತೆಗೆ ನೆಟ್ಟಗೆ ಹೋಗಿ ಕೂತಿತ್ತು. ಮುಚ್ಚಿಡುವ ಹಾಗಿರಲಿಲ್ಲ, ಹೇಳಿದೆ.

ಸಾವ್ಕಾರ್ರು ಮೂರನೇ ಬೆರಳು ಎತ್ತಲೂ ಇಲ್ಲ. “ಅವನ ಹತ್ರ ನಾನು ಹೋಗಿ ಕೇಳಬೇಕಾ? ಸತ್ರೂ ಇಲ್ಲ” ಅಂದರು. ಆಮೇಲೆ ನನ್ನನ್ನು ನೋಡಿ, “ರೈಟ್ರೇ, ಮೇಲಿನ ಪ್ಲಾಟು” ಅಂದರು. ನಾನು ಎದ್ದೆ. ಪೂರ್ತಿ ನೆಟ್ಟಗೆ ನಿಲ್ಲುವ ಮೊದಲೇ ಭಾವ ಕೂತಾಗಿತ್ತು. ಇಪ್ಪತ್ತೆರಡು ವರ್ಷದ ಕುರ್ಚಿ, ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಅಂಗಳಕ್ಕೆ ಜೀಪು ಬಂತು. ಇಳಿದದ್ದು ಪಕ್ಕದ ತೋಟದ ಉತ್ತಯ್ಯ! ಕೈಯಲ್ಲಿ ಒಂದು ಬುಟ್ಟಿ ಕಿತ್ತಳೆ, ಹಿಂದೆ ಅವರ ಹೆಂಡತಿ, ಅವರ ಕೈಯಲ್ಲಿ ಹಂದಿ ಸಾರಿನ ಕ್ಯಾರಿಯರ್. ಉತ್ತಯ್ಯ ನೆಟ್ಟಗೆ ಆಫೀಸಿಗೆ ಬಂದು, ಬುಟ್ಟಿ ಇಳಿಸಿ, ಸಾವ್ಕಾರ್ರ ಎರಡೂ ಕೈ ಹಿಡಿದುಕೊಂಡರು.

“ನೀನು ಬರೆದದ್ದು ಓದಿದೆ ಮಾರಾಯ. ತಡವಾಯ್ತು ಅಂತೆ, ಬೇಜಾರು ಮಾಡ್ಬೇಡ ಅಂತೆ. ನಂಗೇನು ಬೇಜಾರು? ನೀನು ಒಂದು ಮಾತು ಹೇಳಲಿ ಅಂತ ಆರು ವರ್ಷ ಕಾದೆ. ದಾರಿಯ ಗೇಟಿನ ಬೀಗ ತೆಗೆದೇ ಬಂದಿದ್ದೇನೆ. ಇನ್ನು ನಿನ್ನ ಜೀಪು ಸುತ್ತಿಕೊಂಡು ಹೋಗೋದು ಬೇಡ. ಆದ್ರೆ ಗೇಟಿನ ಖರ್ಚು ಎಂತಕ್ಕೆ ಕಳ್ಸಿದ್ದು? ಅದೂ ಜಾಸ್ತಿ. ನಂಗೆ ಹದಿನಾರೇ ಆಗಿದ್ದು” ಅಂತ ಜೇಬಿನಿಂದ ಎರಡು ಸಾವಿರ ತೆಗೆದು ಸಾವ್ಕಾರ್ರ ಅಂಗಿಯ ಜೇಬಿಗೆ ತುರುಕಿದರು.

ಭಾವ ಕುರ್ಚಿಯಿಂದ ಅರ್ಧ ಎದ್ದು, “ಅಲ್ಲ, ಅದು ತಪ್ಪಿ...” ಅಂತ ಶುರುಮಾಡಿದರು. ಸಾವ್ಕಾರ್ರು ಬುಟ್ಟಿಯಿಂದ ದೊಡ್ಡ ಕಿತ್ತಳೆಯೊಂದನ್ನು ತೆಗೆದು ಅವರ ಕೈಗಿಟ್ಟು, “ಸುಲೀರಿ” ಅಂದರು. ಮತ್ತೆ ಉತ್ತಯ್ಯನ ಕಡೆ ತಿರುಗಿ, “ಹೌದು ಮಾರಾಯ. ನಾನೇ ರೈಟ್ರಿಗೆ ಹೇಳಿ ಬರೆಸಿದ್ದು. ಎದುರು ಬಂದು ಹೇಳ್ಲಿಕ್ಕೆ ನಾಚಿಕೆ ಆಯ್ತು” ಅಂದರು. ಇಬ್ಬರೂ ತಬ್ಬಿಕೊಂಡರು. ಇಬ್ಬರ ಹೆಂಡತಿಯರೂ ಅತ್ತರು. ನಾನು ಆಗಲೇ ಅಳುತ್ತಿದ್ದವನು, ನಿಲ್ಲಿಸಲಿಲ್ಲ.

“ಏಳಿ ಭಾವ” ಅಂದರು ಸಾವ್ಕಾರ್ರು, “ಅದು ರೈಟ್ರ ಕುರ್ಚಿ.”

ಎಲ್ಲರೂ ಊಟಕ್ಕೆ ಕೂತಾಗ ಮತ್ತೆ ಪಂಪಿನ ಉತ್ತಯ್ಯನ ಫೋನು. ಸಾವ್ಕಾರ್ರು ಬಾಯಿತುಂಬ ಸಾರು ಕಡುಬು ಇಟ್ಟುಕೊಂಡೇ ಎತ್ತಿದರು.

“ಸಾವ್ಕಾರ್ರೇ, ನನ್ನ ಹಣ?”

“ನಿನ್ನ ಹತ್ರ ನಂಗೆ ಜಗಳ ಇಲ್ಲವಲ್ಲ ಮಾರಾಯ” ಅಂದರು ಸಾವ್ಕಾರ್ರು, “ನೀನು ಸ್ವಲ್ಪ ತಡ್ಕೋ.”