ಧಣಿಗಳ ಕಾರಿನ ಗುಂಯ್ ಸದ್ದು

ಕಾರು ಗುಂಯ್‌ಗುಟ್ಟುವುದು ಹೊಸ ವಿಷಯವೇನಲ್ಲ. ಆದರೆ ನಿನ್ನೆ ಅದು ಗುಂಯ್‌ಗುಟ್ಟಬಾರದ ಕಡೆ ಗುಂಯ್‌ಗುಟ್ಟಿತು. ದೊಡ್ಡ ಮನುಷ್ಯರೊಬ್ಬರ ಶವಸಂಸ್ಕಾರ. ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದಾಗ, ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದ ಕಾರು ಸಣ್ಣಗೆ ರಾಗ ಎಳೆಯಿತು. ಸತ್ತವರ ತಂಗಿ ಒದ್ದೆ ಕಣ್ಣು ತೆರೆದು, “ಯಾರದು, ಇಂಥ ಹೊತ್ತಲ್ಲಿ ಹಾಡು ಗುನುಗ್ತಿರೋದು?” ಎಂದು ಕೇಳಿಯೇ ಬಿಟ್ಟರು. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಧಣಿಗಳ ಮುಖ ಇಂಗು ತಿಂದ ಮಂಗನಂತಾಯಿತು.

ಧಣಿಗಳದ್ದು ಶವಪೆಟ್ಟಿಗೆ ಮಾಡುವ ಕಾರ್ಖಾನೆ. ಪೆಟ್ಟಿಗೆ ಹೊತ್ತ ವ್ಯಾನಿನ ಮುಂದೆ ತಮ್ಮ ಕರಿ ಕಾರಿನಲ್ಲಿ ಮೆಲ್ಲಗೆ ಸಾಗಿ, ಸತ್ತವರ ಮನೆಯವರ ಕೈ ಹಿಡಿದು ನಾಲ್ಕು ಮಾತಾಡಿ ಬರುವುದು ಅವರ ವ್ಯಾಪಾರದ ರೀತಿ. ಆ ಕಾರಿನಲ್ಲಿ ಸೂಪರ್‌ಚಾರ್ಜರ್ ಎಂಬ ಗಾಳಿಪಂಪು ಇತ್ತು. ಎಂಜಿನ್ ತಿರುಗಿದಾಗ ಒಂದು ರಬ್ಬರ್ ಬೆಲ್ಟು ಈ ಪಂಪನ್ನು ತಿರುಗಿಸುತ್ತದೆ, ಪಂಪು ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ, ಗಾಡಿ ಚಿರತೆಯ ಹಾಗೆ ಓಡುತ್ತದೆ. ಹೆಣದ ಮುಂದೆ ಆಮೆಯ ಹಾಗೆ ಹೋಗುವ ಕಾರಿಗೆ ಇದೇಕೆ ಬೇಕಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಧಣಿಗಳು ಡ್ರೈವರನ್ನು ಕರೆದು ಎರಡೇ ಮಾತು ಹೇಳಿದರು. “ಸಂಜೆ ನಾನು ಬರೋ ಹೊತ್ತಿಗೆ ಆ ಸದ್ದು ಇರಬಾರ್ದು. ಇದ್ರೆ ನೀನಿರಲ್ಲ, ರೂಮು ಖಾಲಿ ಮಾಡು.” ಹೇಳಿ ಬಾಡಿಗೆ ಕಾರು ಹತ್ತಿ ಹೊರಟುಹೋದರು.

ರೂಮು ಎಂದರೆ ಕಾರ್ಖಾನೆಯ ಹಿಂದಿನ ಒಂದೇ ಕೋಣೆ. ಅದರಲ್ಲಿ ಡ್ರೈವರ್, ಅವನ ಹೆಂಡತಿ ಮತ್ತು ಹಾಸಿಗೆ ಹಿಡಿದ ತಾಯಿ. ಧಣಿಗಳು ಬಾಯಿಮಾತಿಗೆ ಹೀಗೆನ್ನುವವರಲ್ಲ. ಹಿಂದಿನ ಡ್ರೈವರು ಹಸಿ ಬಾಣಂತಿಯನ್ನೂ ಕೂಸನ್ನೂ ಕಟ್ಟಿಕೊಂಡು ಇದೇ ಕೋಣೆಯಿಂದ ಬೀದಿಗೆ ಇಳಿದದ್ದನ್ನು ಎಲ್ಲರೂ ನೋಡಿದ್ದರು. ಸುದ್ದಿ ಕೇಳಿದ ಹೆಂಡತಿ ಅಳಲಿಲ್ಲ, ಕೂಗಲಿಲ್ಲ. ಹಳೇ ಸೀರೆಯೊಂದನ್ನು ನೆಲಕ್ಕೆ ಹಾಸಿ ಪಾತ್ರೆ ಕಟ್ಟತೊಡಗಿದಳು.

“ಈಗಲೇ ಯಾಕೆ ಕಟ್ತೀಯ? ಸಂಜೆವರೆಗೂ ಟೈಮಿದೆ” ಎಂದ ಡ್ರೈವರ್.

“ನಿಮ್ಮನ್ನ ಮದುವೆಯಾದಾಗಿಂದ ನೋಡ್ತಿದೀನಲ್ರೀ” ಎಂದಳು ಅವಳು.

ಅವನು ಬಾನೆಟ್ ಎತ್ತಿದ. ಎಂಜಿನ್ ಚಾಲೂ ಮಾಡಿ ಓಡುತ್ತಿದ್ದ ಬೆಲ್ಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದ. ದೋಷ ಬೆಲ್ಟಿನದ್ದಾದರೆ ನೀರು ಬಿದ್ದಾಗ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಹಾಗಾದರೆ ಬೆಲ್ಟು ಹಾದುಹೋಗುವ ಚಕ್ರಗಳಲ್ಲಿ ಯಾವುದೋ ಒಂದರ ಬೇರಿಂಗ್ ಕೆಟ್ಟಿದೆ. ಬೆಲ್ಟು ಕಳಚಿ ಒಂದೊಂದನ್ನೇ ಕೈಯಿಂದ ತಿರುಗಿಸಿದರೆ ಗೊತ್ತಾಗುತ್ತದೆ. ಇಷ್ಟು ಸುಲಭದ ಕೆಲಸ. ಸ್ಪ್ಯಾನರ್ ಕೈಗೆತ್ತಿಕೊಂಡ, ಅಷ್ಟರಲ್ಲಿ ಗುಮಾಸ್ತರು ಬಂದರು.

“ಅದಲ್ಲಯ್ಯಾ, ಅದು ಟೈರಿನ ಸದ್ದು. ನಾಲ್ಕೂ ಬಿಚ್ಚಿ ನೋಡು.”

“ನಿಂತ ಗಾಡಿಲಿ ಟೈರು ಹೇಗೆ ಸದ್ದು ಮಾಡುತ್ತೆ ಸಾರ್?”

“ನಿನ್ನ ರಜೆಗೆಲ್ಲ ಸಹಿ ಹಾಕೋನು ನಾನು. ಬಿಚ್ಚು ಅಂದ್ರೆ ಬಿಚ್ಚು.”

ನಾಲ್ಕೂ ಬಿಚ್ಚಿ, ನೋಡಿ, ಮತ್ತೆ ಹಾಕುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಕೈಯುಜ್ಜಿಕೊಂಡು ಎದ್ದರೆ ಬಡಗಿ ಮೇಸ್ತ್ರಿ ಕಾರಿನ ಹಿಂದೆ ಬಗ್ಗಿ ಏನೋ ಮಾಡುತ್ತಿದ್ದರು. ಪೆಟ್ಟಿಗೆಯೊಳಗೆ ಹೆಣದ ಬೆನ್ನಿಗೆಂದು ಇಡುವ ಹತ್ತಿಯನ್ನು ಸೈಲೆನ್ಸರಿನ ಬಾಯಿಗೆ ಗಿಡಿಯುತ್ತಿದ್ದರು!

“ಸದ್ದು ಬರೋ ಬಾಯಿ ಮುಚ್ಚಿದ್ರೆ ಸದ್ದೆಲ್ಲಿಂದ ಬರುತ್ತೆ? ಸ್ಟಾರ್ಟ್ ಮಾಡು” ಎಂದರು ಮೇಸ್ತ್ರಿ.

“ಅಯ್ಯೋ, ಬೇಡ ಮೇಸ್ತ್ರೀ...” ಎಂದು ಡ್ರೈವರ್ ಓಡುವುದರೊಳಗೆ ಗುಮಾಸ್ತರು ಕೀ ತಿರುಗಿಸಿಬಿಟ್ಟಿದ್ದರು. ಎಂಜಿನ್ ಕೆಮ್ಮಿತು, ಏದುಸಿರು ಬಿಟ್ಟಿತು, ಕೊನೆಗೆ ಢಂ ಎಂದು ಹತ್ತಿಯನ್ನು ಉಗಿಯಿತು. ಮಸಿ ಹಿಡಿದ ಹತ್ತಿಯೆಲ್ಲ ಹೋಗಿ, ಆಗಷ್ಟೇ ಪಾಲಿಶ್ ಹೊಡೆದು ಒಣಗಲು ಇಟ್ಟಿದ್ದ ಪೆಟ್ಟಿಗೆಯ ಮೇಲೆ ಅಂಟಿಕೊಂಡಿತು. ಮಾರಾಟಕ್ಕಿದ್ದ ಪೆಟ್ಟಿಗೆ ಕುರಿಮರಿಯ ಹಾಗೆ ಕಾಣತೊಡಗಿತು.

ಪಾಲಿಶಿನವನು ಬೈದುಕೊಳ್ಳುತ್ತಾ ಡಬ್ಬಿ ಹಿಡಿದು ಬಂದ. ಬೈಗುಳ ಮುಗಿದ ಮೇಲೆ ಅವನಿಗೂ ಸಲಹೆ ಕೊಡುವ ಮನಸ್ಸಾಯಿತು. “ಒಣಗಿದ್ದಕ್ಕೇ ಅಣ್ಣಾ ಅದು ಕಿರುಗುಟ್ಟೋದು. ನಮ್ಮ ಬಾಗಿಲು, ಮುಚ್ಚಳ ಎಲ್ಲ ಹಂಗೇ ಅಲ್ವಾ?” ಎಂದವನೇ ಬೆಲ್ಟಿನ ಮೇಲೆ ಅರ್ಧ ಡಬ್ಬಿ ಪಾಲಿಶ್ ಸುರಿದ. ಈಗ ಬೆಲ್ಟು ಜಾರತೊಡಗಿತು. ಮೊದಲಿದ್ದ ಗುಂಯ್ ಜೊತೆಗೆ ಕಿಂಯ್ಯೋ ಎಂಬ ಹೊಸ ಕಿರುಚಾಟ ಸೇರಿತು. ಕೋಣೆಯೊಳಗಿಂದ ತಾಯಿ, “ಯಾರಿಗೋ ಹೊಡೀತಿದಾರಲ್ಲೋ, ಬಿಡ್ಸೋ” ಎಂದು ಕೂಗಿದಳು.

ಡ್ರೈವರಿಗೆ ಅಳು ಬಂತು. ಜೊತೆಗೆ ಕೆಲಸ ಮಾಡುವವರು, ಒಳ್ಳೆಯವರು, ಆದರೆ ಇವತ್ತು ಒಬ್ಬೊಬ್ಬರೂ ಬಂದು ಕುತ್ತಿಗೆಗೆ ಕೈಹಾಕುತ್ತಿದ್ದಾರಲ್ಲ! ಸ್ಪ್ಯಾನರ್ ಎತ್ತಿ ಹಿಡಿದು, “ಇನ್ನೊಬ್ರು ಯಾರಾದ್ರೂ ಹತ್ರ ಬಂದ್ರೆ ಬುರುಡೆ ಒಡೀತೀನಿ” ಎಂದು ಅರಚಿದ. ಹುಟ್ಟಿದಂದಿನಿಂದ ಯಾರಿಗೂ ದನಿಯೆತ್ತದವನು. ಮೂವರೂ ಮುಖ ಮುಖ ನೋಡಿಕೊಂಡು ಹಿಂದೆ ಸರಿದರು.

ಬೆಲ್ಟು ಕಳಚಿ ಎಂಜಿನ್ ಅನ್ನು ಒಂದು ಕ್ಷಣ ಓಡಿಸಿ ನೋಡಿದ. ಗುಂಯ್ ಇಲ್ಲ. ಸೂಪರ್‌ಚಾರ್ಜರಿನ ಚಕ್ರವನ್ನು ಕೈಯಿಂದ ತಿರುಗಿಸಿದ, ಬೆಣ್ಣೆಯಂತೆ ತಿರುಗಿತು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಟ್ಟ ಚಕ್ರವನ್ನು ತಿರುಗಿಸಿದ. ಬೆರಳಿಗೆ ಮರಳು ಅಗಿದಂತೆ ಕರಕರ ಸಿಕ್ಕಿತು. ಕಳ್ಳ ಸಿಕ್ಕಿಬಿದ್ದಿದ್ದ. ಎದುರು ಬೀದಿಯ ಅಂಗಡಿಯಲ್ಲಿ ಈ ಚಕ್ರವೂ ಸಿಗುತ್ತದೆ, ಹೊಸ ಬೆಲ್ಟೂ ಸಿಗುತ್ತದೆ.

ಗೇಟಿಗೆ ಬೀಗ ಬಿದ್ದಿತ್ತು.

“ಕೀಲಿ ಎಲ್ಲೋ ಬಿದ್ದೋಯ್ತು ಡ್ರೈವರಣ್ಣಾ” ಎಂದ ಕಾವಲುಗಾರ, ಆಕಾಶ ನೋಡುತ್ತಾ.

ಡ್ರೈವರ್ ಗೋಡೆ ಹತ್ತಿ ಹಾರಿದ. ಪ್ಯಾಂಟು ಹಿಂದುಗಡೆ ಪರ್ರೆಂದಿತು. ಒಂದು ಕೈಯಿಂದ ಮಾನ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಬೆಲ್ಟು ಹಿಡಿದು ನಡುಬೀದಿಯಲ್ಲಿ ಓಡುವ ಅವನನ್ನು ಕಂಡು ಜನ ಯಾರನ್ನೋ ಹೊಡೆಯಲು ಹೊರಟವನೆಂದು ದಾರಿ ಬಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಹೊಸ ಚಕ್ರ, ಹೊಸ ಬೆಲ್ಟು ಕೂತಿದ್ದವು. ಎಂಜಿನ್ ಚಾಲೂ ಮಾಡಿದ. ಸದ್ದಿಲ್ಲ. ಚಾಲೂ ಆಗಿದೆಯೋ ಇಲ್ಲವೋ ಎಂದು ಅನುಮಾನವಾಗಿ ಬಾನೆಟ್ ಮುಟ್ಟಿ ನೋಡಿದ. ಸಣ್ಣಗೆ ನಡುಗುತ್ತಿತ್ತು, ಅಷ್ಟೇ. ಅವನಿಗೆ ಆ ಕಾರನ್ನು ತಬ್ಬಿಕೊಳ್ಳಬೇಕೆನಿಸಿತು.

ಧಣಿಗಳು ಬಂದರು, ಕಿವಿಗೊಟ್ಟರು, ಹೊಗಳಲಿಲ್ಲ. ಹೊಗಳುವುದು ಅವರಿಗೆ ಅಭ್ಯಾಸವಿಲ್ಲ. “ಇಳಿ, ನಾನೇ ಒಂದು ರೌಂಡ್ ಹೋಗಿ ಬರ್ತೀನಿ” ಎಂದು ಕಾರು ತೆಗೆದುಕೊಂಡು ಹೋದರು. ಅವರಿಗಾಗಿ ಗೇಟಿನ ಕೀಲಿ ಅದು ಹೇಗೋ ಸಿಕ್ಕಿತು. ಡ್ರೈವರ್ ಕೋಣೆಯ ಕಡೆ ತಿರುಗಿ, “ಗಂಟು ಬಿಚ್ಚೇ!” ಎಂದು ಕೂಗಿದ. ಹೆಂಡತಿ ಕಿಟಕಿಯಲ್ಲಿ ಬಂದು ನಿಂತು, ಬಹಳ ದಿನಗಳ ನಂತರ ನಕ್ಕಳು.

ಕಾರ್ಖಾನೆಯೊಳಗೆ ಮಾತ್ರ ಸೂತಕದ ಮನೆಯ ಕಳೆ. ಮೇಸ್ತ್ರಿ, ಗುಮಾಸ್ತರು, ಪಾಲಿಶಿನವನು ಸಾಲಾಗಿ ಕೂತಿದ್ದರು.

“ಯಾಕ್ರೀ ಎಲ್ಲ ಹೀಗೆ? ನನ್ನ ಮನೆ ಉಳೀತು, ಖುಷಿ ಪಡಿ” ಎಂದ ಡ್ರೈವರ್.

ಮೇಸ್ತ್ರಿ ನಿಟ್ಟುಸಿರು ಬಿಟ್ಟರು. “ನಿನ್ನ ಮನೆ ಉಳೀತಪ್ಪಾ, ನಮ್ಮ ನಿದ್ದೆ ಹೋಯ್ತು. ಊಟ ಆದ್ಮೇಲೆ ನಾವೆಲ್ಲ ಎಲ್ಲಿ ಮಲಗ್ತಿದ್ವಿ ಗೊತ್ತಾ? ಈ ಪೆಟ್ಟಿಗೆಗಳಲ್ಲಿ. ಇದಕ್ಕಿಂತ ಮೆತ್ತನೆ ಹಾಸಿಗೆ ನಮ್ಮ ಮನೇಲಿಲ್ಲ. ಬೀದಿ ತಿರುವಿನಲ್ಲಿ ನಿನ್ನ ಕಾರು ಗುಂಯ್ ಅಂದ್ರೆ ಸಾಕು, ಎದ್ದು ಉಳಿ ಹಿಡೀತಿದ್ವಿ. ನೀನು ಹೊಸಬ, ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಧಣಿಗಳ ಕಿವಿಗೆ ಹಾಕಿಬಿಟ್ಟರೆ?”

ಡ್ರೈವರಿಗೆ ಈಗ ಅರ್ಥವಾಯಿತು. ಟೈರು, ಹತ್ತಿ, ಪಾಲಿಶ್, ಬೀಗ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇವರು ತನ್ನನ್ನು ಧಣಿಯ ಕಡೆಯವನೆಂದು ತಿಳಿದಿದ್ದರಲ್ಲ ಎಂದು ಸಂಕಟವಾಯಿತು.

“ನಾನು ನಿಮ್ಮೋನೇ ಕಣ್ರಪ್ಪಾ” ಎಂದ. ಅದನ್ನು ತೋರಿಸಲೆಂದೇ ಹತ್ತಿರದ ಪೆಟ್ಟಿಗೆಯೊಳಗೆ ಇಳಿದು ಅಂಗಾತ ಮಲಗಿದ. ದಿನವಿಡೀ ಕಾರಿನ ಮೇಲೆ ಬಗ್ಗಿ ನುಜ್ಜಾದ ಬೆನ್ನಿಗೆ ಹತ್ತಿ ಸ್ವರ್ಗದಂತಿತ್ತು. ಕಣ್ಣು ತಾನೇ ಮುಚ್ಚಿತು, ಬಾಯಿ ತಾನೇ ತೆರೆಯಿತು.

“ಮೇಸ್ತ್ರೀ, ಧಣಿಗೊಂದು ಪೆಟ್ಟಿಗೆ ಮಾಡಿಡಿ. ಹೊಟ್ಟೆಗೇ ಒಂದು ಬೇರೆ ಮಾಡ್ಬೇಕಾಗುತ್ತೆ.” ಎಲ್ಲರೂ ಕಿಸಕ್ಕೆಂದರು. ಡ್ರೈವರಿಗೆ ಹುರುಪು ಬಂತು. “ಸತ್ತ ಮೇಲೂ ಸುಮ್ನಿರೋ ಆಸಾಮಿ ಅಲ್ಲ ಅದು. ಹೂಳೋ ಹೊತ್ತಲ್ಲಿ ಮುಚ್ಚಳ ಎತ್ತಿ, ಈ ಮೊಳೆ ಯಾವೋನೋ ಹೊಡ್ದಿದ್ದು, ಸೊಟ್ಟಗಿದೆ, ರೂಮು ಖಾಲಿ ಮಾಡು ಅನ್ನುತ್ತೆ!”

ನಗು ಕೇಳಿಸಲಿಲ್ಲ. ಮಾತು ಅವರ ಮನಸ್ಸಿಗೆ ನಾಟಿರಬೇಕೆಂದು ಅವನು ದನಿ ತಗ್ಗಿಸಿ ಮುಂದುವರಿಸಿದ. “ಹಸೀ ಬಾಣಂತಿನ ಬೀದಿಗೆ ಹಾಕಿದ ಮನುಷ್ಯ. ಅವನು ಸತ್ರೆ ಅಳೋಕೂ ಜನಾನ ಬಾಡಿಗೆಗೇ ತರಬೇಕು. ನಾನಂತೂ ಅಳಲ್ಲ. ನೀವು ಅಳ್ತೀರಾ ಮೇಸ್ತ್ರೀ?”

ಮರಕ್ಕೆ ಉಳಿ ತಾಗುವ ಸದ್ದು ಬಂತು. ಆಮೇಲೆ ಉಜ್ಜುಕಾಗದದ ಸದ್ದು, ಗುಮಾಸ್ತರು ಹಾಳೆ ಮಗುಚುವ ಸದ್ದು. ಇದೇನು ಈ ಹೊತ್ತಿನಲ್ಲಿ ಕೆಲಸ ಎಂದು ಡ್ರೈವರ್ ಕಣ್ಣು ಬಿಟ್ಟ.

ಪೆಟ್ಟಿಗೆಯ ಅಂಚಿನ ಮೇಲಿಂದ ಧಣಿಗಳು ಬಗ್ಗಿ ನೋಡುತ್ತಿದ್ದರು. ಅವರ ಹಿಂದೆ, ಅಗಲವಾಗಿ ತೆರೆದ ಬಾಗಿಲ ನಡುವೆ ಕರಿ ಕಾರು ನಿಂತಿತ್ತು. ಎಂಜಿನ್ ಇನ್ನೂ ಚಾಲೂ ಇತ್ತು.

“ಗಾಡಿ ಚೆನ್ನಾಗಿದೆ” ಎಂದರು ಧಣಿಗಳು. “ಇಲ್ಲೀವರೆಗೂ ಬಂದೆ, ಯಾರಿಗೂ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಹೊಸ ಡ್ರೈವರ್ ಬರ್ತಾನೆ, ಅಷ್ಟರಲ್ಲಿ ರೂಮು ಗುಡಿಸಿಡು.”

ಡ್ರೈವರ್ ಕೋಣೆಗೆ ಬಂದ. ಹೆಂಡತಿ ಪಾತ್ರೆಗಳನ್ನೆಲ್ಲ ಮತ್ತೆ ಜೋಡಿಸಿಟ್ಟು ಕೊನೆಯ ಗಂಟು ಬಿಚ್ಚುತ್ತಿದ್ದಳು.

“ಧಣಿಗಳು ಏನಂದ್ರು ರೀ?” ಎಂದು ಕೇಳಿದಳು.

“ಗಾಡಿ ಚೆನ್ನಾಗಿದೆ ಅಂದ್ರು” ಎಂದ ಡ್ರೈವರ್. ಅವಳ ಪಕ್ಕದಲ್ಲಿ ಕೂತು, ಅವಳು ಬಿಚ್ಚಿದ ಸೀರೆಯನ್ನು ನೆಲಕ್ಕೆ ಹಾಸಿ, ಪಾತ್ರೆಗಳನ್ನು ಒಂದೊಂದಾಗಿ ಅದರ ಮೇಲಿಡತೊಡಗಿದ.